ಹೆಂಗ್‌ಕೆಂಗಿನಲ್ಲಿ ಪ್ರಶ್ನೆ ಹೊರುವಾಕೆ

ಬೆಳಕು ಇನ್ನೂ ಗುಡ್ಡ ಇಳಿದು ಬಂದಿಲ್ಲ. ಲೈ ರುಯಿಚಿನ್ ಅಡುಗೆಮನೆಯ ಗಿಡ್ಡ ಮಣೆಯ ಮೇಲೆ ಕೂತಿದ್ದಾರೆ. ಒಳಗೆಲ್ಲ ಗೀರುಗಳಿರುವ ಮಣ್ಣಿನ ಬೋಗುಣಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಕೈಯುದ್ದದ ಕೋಲಿನಿಂದ ಚಹಾ ಎಲೆ, ಎಳ್ಳು, ಹುರಿದ ಕಡಲೆಕಾಯಿ ಬೀಜ ಅರೆಯುತ್ತಿದ್ದಾರೆ. ಕೋಲು ಸುತ್ತುವ ಗರಗರ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಹಸಿರು ಹಿಟ್ಟು ನುಣ್ಣಗಾಗಿ ಎಣ್ಣೆ ಬಿಟ್ಟ ಮೇಲೂ ಅವರ ಕೈ ನಿಲ್ಲುವುದಿಲ್ಲ.

ಬಾಗಿಲಿಗೆ ಒರಗಿ ನಿಂತ ಶೆನ್ ಯಾ ತಡೆಯಲಾರದೆ ಕೇಳುತ್ತಾಳೆ. "ಚಿಕ್ಕಮ್ಮ, ಸಾಕಲ್ವಾ? ನುಣ್ಣಗಾಯ್ತು."

"ನುಣ್ಣಗಾಗಿದ್ದು ಹಿಟ್ಟು ಕಣೇ. ನನ್ನೆದೆ ಇನ್ನೂ ತರಿತರಿಯಾಗೇ ಇದೆ."

ಶೆನ್ ಯಾ ಕರಾವಳಿಯ ದೊಡ್ಡ ನಗರದ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ. ಚಳಿಗಾಲ ಮುಗಿಯುವಾಗ ಬಂದು ಈ ಮನೆಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡಿದ್ದಾಳೆ. ಅವಳು ನಿಂತಿರುವ ಜಾಗದ ಪಕ್ಕದ ಮೇಜಿನ ಮೇಲೆ ಮಡಿಸಿಟ್ಟ ಕೆಂಪು ಬಟ್ಟೆ, ಒಂದು ಸರ ಪಟಾಕಿ, ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳು, ಉದ್ದ ಶಾವಿಗೆಯ ಕಟ್ಟು ಇವೆ. ಇವನ್ನೆಲ್ಲ ಹೊತ್ತುಕೊಂಡು ರುಯಿಚಿನ್ ಇವತ್ತು ವೂ ಶೌಲಿನ್ ಎಂಬ ಹಿರಿಯರ ಮನೆಗೆ ಹೋಗಬೇಕು. ಬಾಗಿಲ ಮೇಲೆ ಕೆಂಪು ಕಟ್ಟಬೇಕು, ಪಟಾಕಿ ಹೊಡೆಯಬೇಕು, ತಪ್ಪಾಯಿತು ಎನ್ನಬೇಕು. ಅದೂ ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು.

ಆ ಮನೆಯವರು ಅದನ್ನು ಒಪ್ಪಿಕೊಂಡರೆ ರುಯಿಚಿನ್‌ಗೆ ಈ ಕಣಿವೆಯ ಬಾಗಿಲುಗಳು ಮತ್ತೆ ತೆರೆಯುತ್ತವೆ. ಒಪ್ಪಿಕೊಳ್ಳದಿದ್ದರೆ ಮುಂದೇನು ಎಂದು ರುಯಿಚಿನ್ ಯಾರಿಗೂ ಹೇಳಿಲ್ಲ. ಪ್ರಾಯಶಃ ತಮಗೂ ಹೇಳಿಕೊಂಡಿಲ್ಲ.

ರುಯಿಚಿನ್ ಮಾಡುವ ಕೆಲಸಕ್ಕೆ ಹೆಸರಿಲ್ಲ. ಚೀನಾದ ಫುಜಿಯಾನ್ ಪ್ರಾಂತ್ಯದ ಪಶ್ಚಿಮಕ್ಕಿರುವ, ಹಕ್ಕಾ ಜನರ ಈ ಹಳ್ಳಿಗಳಿಗೆ ಮನೆತನ, ಮದುವೆ, ಗೋರಿ, ಹಬ್ಬ, ಹಿಸ್ಸೆ ಎಂದು ಏನಾದರೊಂದನ್ನು ಅಧ್ಯಯನ ಮಾಡಲು ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಇಲ್ಲಿಯ ಹಿರಿಯರ ಮಾತು ಅವರಿಗೆ ಬರುವುದಿಲ್ಲ, ಅವರಾಡುವ ಟೀವಿಯ ಚೀನೀ ಭಾಷೆ ಹಿರಿಯರಿಗೆ ಪೂರ್ತಿ ಅರ್ಥವಾಗುವುದಿಲ್ಲ. ರುಯಿಚಿನ್ ನಡುವೆ ಕೂರುತ್ತಾರೆ. ಆ ಕಡೆಯ ಪ್ರಶ್ನೆಯನ್ನು ಈ ಕಡೆಗೆ, ಈ ಕಡೆಯ ಉತ್ತರವನ್ನು ಆ ಕಡೆಗೆ ದಾಟಿಸುತ್ತಾರೆ. ಅದಕ್ಕೂ ಮೊದಲು ಯಾರ ಮನೆಗೆ ಯಾವಾಗ ಹೋಗಬಹುದು, ಯಾರ ಮನೆಯಲ್ಲಿ ಸೊಸೆ ಮುನಿಸಿಕೊಂಡಿದ್ದಾಳೆ, ಯಾರ ನಾಯಿಯನ್ನು ಕಟ್ಟಿಹಾಕಿಲ್ಲ ಎಂಬುದನ್ನೆಲ್ಲ ತಿಳಿದುಕೊಂಡಿರಬೇಕು. ದಿನಕ್ಕೆ ಎರಡು ಮನೆ ಆದರೆ ಹೆಚ್ಚು. ಒಂದೇ ಮನೆಯಲ್ಲಿ ಮೂಲಂಗಿ ಹೆಚ್ಚಿಕೊಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬರುವ ದಿನಗಳೂ ಇವೆ.

"ಮೂಲಂಗಿ ಹೆಚ್ಚೋ ದಿನ ಕೆಲಸ ಆಗಿಲ್ಲ ಅಂತ ಹುಡುಗ್ರು ಮುಖ ಸಣ್ಣ ಮಾಡ್ಕೋತಾರೆ. ನಾನೂ ಮೊದಲು ಹಂಗೇ ಅಂದ್ಕೊಳ್ತಿದ್ದೆ" ಎನ್ನುತ್ತಾರೆ ಅವರು.

ಅವರು ಪಕ್ಕದ ಕಣಿವೆಯ ಲೈ ಮನೆತನದ ಮಗಳು. ಹದಿನೇಳರಲ್ಲಿ ಕರಾವಳಿಯ ಶೂ ಕಾರ್ಖಾನೆಗೆ ಹೋದರು. ಅಲ್ಲಿಯ ಹೆಣ್ಣುಮಕ್ಕಳ ವಸತಿಯಲ್ಲಿ ಒಂದೊಂದು ಮಂಚದಿಂದ ಒಂದೊಂದು ಪ್ರಾಂತ್ಯದ ಮಾತು ಕೇಳಿಬರುತ್ತಿತ್ತು. ಮೇಲಿನ ಮಂಚದವಳಿಗೂ ಕೆಳಗಿನ ಮಂಚದವಳಿಗೂ ಜಗಳವಾದರೆ ಬೈಗುಳ ದಾಟಿಸಲು ಇವರನ್ನು ಎಬ್ಬಿಸುತ್ತಿದ್ದರಂತೆ. "ಅವಳು ಹತ್ತು ಬೈದ್ರೆ ನಾನು ಆರು ಹೇಳ್ತಿದ್ದೆ. ಅದಕ್ಕೇ ಅವರಿಬ್ಬರೂ ಇವತ್ತಿಗೂ ಸ್ನೇಹಿತರು" ಎಂದು ನಗುತ್ತಾರೆ. ಮದುವೆಯಾಗಿ ಈ ಊರಿಗೆ, ಹೆಂಗ್‌ಕೆಂಗಿಗೆ ಬಂದರು. ಅತ್ತೆಯ ಕಾಲು ಸ್ವಾಧೀನ ತಪ್ಪಿದಾಗ ಕಾರ್ಖಾನೆ ಬಿಟ್ಟು ಶಾಶ್ವತವಾಗಿ ಇಲ್ಲೇ ನಿಂತರು. ಗಂಡ ತಂಬಾಕು ಬೆಳೆಯುತ್ತಾರೆ, ಮಾತು ಕಡಿಮೆ. ಮನೆಗೆ ಬರುವ ಸಂಶೋಧಕರಿಗೆ ಅವರು ಹೇಳಿರುವ ಅತಿ ಉದ್ದದ ವಾಕ್ಯ "ಮೀನಿನ ಮುಳ್ಳು ನೋಡ್ಕೊಂಡು ತಿನ್ನಿ" ಎಂಬುದು.

ಈ ಕೆಲಸ ಹತ್ತಿಕೊಂಡದ್ದು ಅಕಸ್ಮಾತ್ತಾಗಿ. ಒಬ್ಬ ಪ್ರಾಧ್ಯಾಪಕರು ಹಳ್ಳಿ ಸಮಿತಿಯವರ ಜೊತೆ ಬಂದು ಅತ್ತೆ ಸೊಸೆಯರ ಬಗ್ಗೆ ಕೇಳಿದಾಗ, ಕಣಿವೆಯ ಅತ್ತೆಯರೆಲ್ಲ ಸಭೆಯಲ್ಲಿ ಭಾಷಣ ಮಾಡುವಂತೆ ಉತ್ತರ ಕೊಟ್ಟರು. ಹಿಂದೆ ನಿಂತು ಕೇಳುತ್ತಿದ್ದ ರುಯಿಚಿನ್‌ಗೆ ನಗು ತಡೆಯಲಾಗಲಿಲ್ಲ. ಪ್ರಾಧ್ಯಾಪಕರು ಆಮೇಲೆ ಅವರನ್ನು ಹುಡುಕಿಕೊಂಡು ಬಂದು, ಯಾಕೆ ನಕ್ಕಿರಿ ಎಂದು ಕೇಳಿದರು. ಅದನ್ನು ಹೇಳಲು ಹೋಗಿ ಶುರುವಾಯಿತು.

ಮೊದಮೊದಲು ಮಾತು ದಾಟಿಸುವುದೇ ಕೆಲಸವೆಂದು ತಿಳಿದಿದ್ದರು. ಯಾರಾದರೂ ಉತ್ತರ ಕೊಡದೆ ಸುಮ್ಮನಾದರೆ, "ಗೊತ್ತಿಲ್ಲ ಅಂತಾರೆ" ಎಂದು ತಾವೇ ತುಂಬಿಬಿಡುತ್ತಿದ್ದರು. ನಡುವೆ ಖಾಲಿ ಉಳಿಯುವುದು ಅವರಿಗೆ ಮುಜುಗರ. ಒಂದು ಸಲ ಒಬ್ಬ ಮುದುಕಿ ಹಾಗೆ ಬಹಳ ಹೊತ್ತು ಸುಮ್ಮನಿದ್ದವರು, ರುಯಿಚಿನ್ ಬಾಯಿ ತೆರೆಯುವುದನ್ನು ಕಂಡು ಕೈ ಹಿಡಿದು, "ತಾಳೇ, ನಾನಿನ್ನೂ ಮುಗಿಸಿಲ್ಲ" ಎಂದರಂತೆ. ಅಲ್ಲಿಯವರೆಗೆ ಆಕೆ ಒಂದು ಶಬ್ದವನ್ನೂ ಆಡಿರಲಿಲ್ಲ.

ಆವತ್ತಿನಿಂದ ಯಾರು ಸುಮ್ಮನಾದರೂ ರುಯಿಚಿನ್ ಕೂಡ ಸುಮ್ಮನಾಗುತ್ತಾರೆ. ಅವಸರದ ಸಂಶೋಧಕರೊಬ್ಬರು, "ಏನಂತೆ? ಏನು ಹೇಳಿದ್ರು?" ಎಂದು ಪೀಡಿಸಿದಾಗ ಅವರ ಉತ್ತರ: "ಇನ್ನೂ ಹೇಳ್ತಿದ್ದಾರೆ."

ಇನ್ನೊಂದು ಪದ್ಧತಿಯನ್ನೂ ಅವರು ತಾವಾಗಿಯೇ ಇಟ್ಟುಕೊಂಡಿದ್ದಾರೆ. ಎದುರಿನವರು ಮನಸ್ಸಿಗೆ ಹತ್ತಿರದ ಯಾವುದಾದರೂ ಮಾತು ಆಡಿಬಿಟ್ಟರೆ, ಅದನ್ನು ದಾಟಿಸುವ ಮೊದಲು ಅವರ ಮುಖ ನೋಡಿ "ಹೇಳ್ಲಾ?" ಎಂದು ಕೇಳುತ್ತಾರೆ. ಬೇಡ ಎಂದರೆ ಆ ಮಾತು ಅಲ್ಲಿಗೇ ನಿಂತಿತು. ಕೇಳಲು ಬಂದವರಿಗೆ ಇದು ಒಮ್ಮೊಮ್ಮೆ ಸಿಟ್ಟು ತರಿಸುತ್ತದೆ. ಇತ್ತ ಊರಿನಲ್ಲೂ ಪೂರ್ತಿ ನಂಬಿಕೆ ಇಲ್ಲ. ಮನೆಯ ಮಾತನ್ನು ಹೊರಗೆ ಹಾಕುವವಳು ಎಂದು ಸ್ವಂತ ನಾದಿನಿಯೇ ಒಂದು ವರ್ಷ ಮಾತು ಬಿಟ್ಟಿದ್ದರು. ಇಷ್ಟೆಲ್ಲದರ ನಡುವೆ ಬಾಗಿಲುಗಳು ತೆರೆಯುತ್ತಿದ್ದವು. ಶೌಲಿನ್ ಅವರ ಎಂಬತ್ತರ ಹುಟ್ಟುಹಬ್ಬದವರೆಗೆ.

ಶೌಲಿನ್ ಅವರ ಹೆಂಡತಿ ಕೈಗೂಸಾಗಿದ್ದಾಗಲೇ ಆ ಮನೆಗೆ ಬಂದವರು. ಹೆಣ್ಣುಕೂಸನ್ನು ತಂದು, ಮಗನ ಜೊತೆಗೇ ಸಾಕಿ, ದೊಡ್ಡವರಾದ ಮೇಲೆ ಅವರಿಬ್ಬರನ್ನೇ ಗಂಡ ಹೆಂಡಿರಾಗಿಸುವುದು ಈ ಕಡೆ ಹಿಂದೆ ಎಷ್ಟೋ ಮನೆಗಳಲ್ಲಿ ಇತ್ತು. ಮೆರವಣಿಗೆ ಇಲ್ಲ, ನೆಂಟರಿಲ್ಲ. ಹೊಸವರ್ಷದ ಹಿಂದಿನ ಸಂಜೆ ಎಲ್ಲರೂ ಉಂಡಾದ ಮೇಲೆ, ಇನ್ನು ಆ ಕೋಣೆ ನಿಮ್ಮಿಬ್ಬರದು ಎಂದು ತಾಯಿ ಹೇಳಿದರೆ ಮದುವೆ ಮುಗಿಯಿತು. ಶೆನ್ ಯಾ ಅಧ್ಯಯನ ಮಾಡುತ್ತಿರುವುದು ಇಂಥ ಮದುವೆಗಳನ್ನೇ. ಹೆಂಗಸರು ಒಂದಿಷ್ಟು ಹೇಳುತ್ತಾರೆ. ಗಂಡಸರು ಹೇಳುವುದೇ ಇಲ್ಲ.

ವಸಂತದ ಒಂದು ಮಧ್ಯಾಹ್ನ ಶೌಲಿನ್ ಅವರ ಅಂಗಳದಲ್ಲಿ ಶೆನ್ ಯಾ ಆ ಪ್ರಶ್ನೆ ಕೇಳಿದಳು. ಆ ಸಂಜೆ ನಿಮಗೆ ಹೇಗನ್ನಿಸಿತು? ರುಯಿಚಿನ್ ದಾಟಿಸಿದರು. ಶೌಲಿನ್ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಹಾಗೇ ಕೂತರು. ರುಯಿಚಿನ್ ಕೂಡ ಸುಮ್ಮನೆ ಕೂತರು. ಏನು ಮಾಡುವುದೆಂದು ತೋಚದ ಶೆನ್ ಯಾ ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದಳು. ಉತ್ತರ ಬರಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಹೊರಟಾಗ ಶೌಲಿನ್, "ತೆಗೆದ್ಯಲ್ಲ, ನಂಗೊಂದು ಕೊಡು" ಎಂದಷ್ಟೇ ಅಂದರು.

ಆ ಚಿತ್ರವನ್ನು ಹುಟ್ಟುಹಬ್ಬದ ದಿನ ಕೊಡೋಣ ಎಂದದ್ದು ರುಯಿಚಿನ್. ಶೆನ್ ಯಾ ಅದನ್ನು ನಗರದಲ್ಲಿ ದೊಡ್ಡದು ಮಾಡಿಸಿದಳು. ಅವಳ ಕಣ್ಣಿಗೆ ಅದು ಕಪ್ಪು ಬಿಳುಪಿನಲ್ಲೇ ಚೆಂದ ಕಂಡಿತು, ಕಪ್ಪು ಮರದ ಚೌಕಟ್ಟೇ ಒಪ್ಪುತ್ತದೆ ಅನ್ನಿಸಿತು. ಚೆನ್ನಾದ ಕಾಗದದಲ್ಲಿ ಸುತ್ತಿಸಿ ತಂದಳು. ಉಡುಗೊರೆಯನ್ನು ಕೊಟ್ಟವರೆದುರು ಬಿಚ್ಚುವುದು ಇಲ್ಲಿ ಒರಟುತನ. ಬೇರೆಯವರಿಗೆ ಒಯ್ಯುವ ಪೊಟ್ಟಣವನ್ನು ಬಿಚ್ಚಿ ನೋಡುವುದಂತೂ ಇನ್ನೂ ಒರಟು. ರುಯಿಚಿನ್ ನೋಡಲಿಲ್ಲ. ಎರಡು ಕೈಯಲ್ಲಿ ಹಿಡಿದು ಒಯ್ದು, ಉದ್ದ ಶಾವಿಗೆ ಬಡಿಸುವ ಹೊತ್ತಿಗೆ ಶೌಲಿನ್ ಅವರ ಸೊಸೆ ಚಿಯೋಮೇ ಕೈಗೆ ಕೊಟ್ಟರು.

ಊಟ ಮುಗಿದು ಹೊರಗಿನವರು ಎದ್ದ ಮೇಲೆ, ನೆಂಟರೆಲ್ಲ ಸುತ್ತ ಕೂತು ಉಡುಗೊರೆ ಬಿಚ್ಚಿದರು. ಎಂಬತ್ತಕ್ಕೆ ಕಾಲಿಟ್ಟ ಹಿರಿಯರ ಹಬ್ಬದ ದಿನ, ಕಪ್ಪು ಚೌಕಟ್ಟಿನೊಳಗೆ, ಬಣ್ಣವಿಲ್ಲದೆ, ಅವರದೇ ಮುಖ. ಸತ್ತವರ ಪಟವನ್ನು ಗೋಡೆಗೆ ತೂಗುವುದು ಹಾಗೇ. ಬದುಕಿರುವವರದನ್ನು ಯಾರೂ ಹಾಗೆ ತೂಗುವುದಿಲ್ಲ.

ಚಿಯೋಮೇ ಆಗಲೇ ರುಯಿಚಿನ್ ಅಂಗಳಕ್ಕೆ ಬಂದು ನಿಂತರು. ಎಷ್ಟೋ ವರ್ಷದಿಂದ "ಅಕ್ಕ" ಎನ್ನುತ್ತಿದ್ದವರು ಆವತ್ತು ಹೆಸರು ಹಿಡಿದು ಕೂಗಿದರು. "ರುಯಿಚಿನ್! ನಮ್ಮ ಮಾವ ಯಾವಾಗ ಹೋಗ್ತಾರೆ ಅಂತ ಕಾಯ್ತಿದ್ದೀಯಾ? ಅಷ್ಟು ಅವಸರ ಇದ್ರೆ ಧೂಪದ ಕಡ್ಡಿನೂ ತಂದ್ಕೊಡ್ಬೇಕಿತ್ತು!"

ಶೆನ್ ಯಾ ಅಳುತ್ತ, ತಪ್ಪು ನನ್ನದು, ನಾನೇ ಹೋಗಿ ಕೇಳಿಕೊಳ್ಳುತ್ತೇನೆ ಎಂದಳು. ಅದು ನಡೆಯುವ ಮಾತಲ್ಲ. ಅವಳು ರುಯಿಚಿನ್ ಮನೆಯ ಅತಿಥಿ. ಅತಿಥಿಯ ತಪ್ಪು ಮನೆಯವರದು. ಅದೂ ಅಲ್ಲದೆ, ಪೊಟ್ಟಣ ದಾಟಿದ್ದು ರುಯಿಚಿನ್ ಕೈಯಿಂದ.

ಆಮೇಲಿನದು ಯಾರೂ ಬಾಯಿಬಿಟ್ಟು ಹೇಳದ ಶಿಕ್ಷೆ. ಬಾವಿಕಟ್ಟೆಯ ಬಳಿ ಹೆಂಗಸರು ಮಾತಾಡಿಸುತ್ತಾರೆ, ಉಪ್ಪು ಸೊಪ್ಪು ಕೊಟ್ಟು ತೆಗೆದುಕೊಳ್ಳುತ್ತಾರೆ. ಆದರೆ ಮದುವೆ ಮನೆಯಿಂದ ಕರೆ ಬರುವುದಿಲ್ಲ. ಹೊಸ ಮನೆಯ ಒಲೆ ಹಚ್ಚುವ ದಿನ ಇವರನ್ನು ಬಿಟ್ಟು ಉಳಿದವರಿಗೆಲ್ಲ ಹೇಳುತ್ತಾರೆ. ಬಾಣಂತಿ ಇರುವ ಮನೆಯವರು ಇವರು ದಾರಿಯಲ್ಲಿ ಕಂಡರೆ ಏನೋ ಕೆಲಸ ನೆನಪಾದವರಂತೆ ಬಾಗಿಲು ಎಳೆದುಕೊಳ್ಳುತ್ತಾರೆ. ಸಾವಿನ ನೆರಳು ಹೊತ್ತು ತರುವ ಕೈ ಎಂದು ಒಮ್ಮೆ ಅನ್ನಿಸಿದರೆ, ಅದನ್ನು ವಾದ ಮಾಡಿ ತೊಳೆಯಲು ಆಗುವುದಿಲ್ಲ.

"ಸಂಶೋಧನೆ ಹೋದ್ರೆ ಹೋಗ್ಲಿ, ತಂಬಾಕು ಇದೆ" ಎನ್ನುತ್ತಾರೆ ರುಯಿಚಿನ್. "ಆದ್ರೆ ನಾನು ಸೊಸೆಯಾಗಿ ಬಂದ ಊರು ಇದು. ಕೂಸು ಹುಟ್ಟಿದ ಮನೆಗೆ ಹೋಗೋ ಹಾಗಿಲ್ಲ ಅಂದ್ರೆ ನಾನಿಲ್ಲಿ ಯಾರು?"

ಅದಕ್ಕೇ ಈ ಕೆಂಪು ಬಟ್ಟೆ. ಕೆಂಪು ಕಟ್ಟುವುದೆಂದರೆ ನೆರಳು ತಂದದ್ದು ನಾನೇ ಎಂದು ಊರೆದುರು ಒಪ್ಪಿಕೊಂಡಂತೆ. ಇವರು ಅರೆದು ಒಯ್ದ ಚಹಾವನ್ನು ಮನೆಯವರು ಕುಡಿದರೆ ನೆರಳು ಹೋಯಿತು. ಕುಡಿಯದೆ ಒಳಗೆ ಹೋದರೆ, ಒಪ್ಪಿಕೊಂಡದ್ದು ಮಾತ್ರ ಉಳಿಯುತ್ತದೆ.

ಮಂಜಿನಲ್ಲಿ ಗದ್ದೆಯ ಬದು ಹಿಡಿದು ನಡೆಯುತ್ತಾರೆ. ಶೆನ್ ಯಾ ಚಹಾದ ಬೋಗುಣಿ ಹಿಡಿದು ಹಿಂದೆ ಬರುತ್ತಾಳೆ. "ನೀನು ಅಂಗಳದಾಚೆ ನಿಲ್ಲು. ಏನೇ ಅಂದ್ರೂ ಮಧ್ಯೆ ಬಾಯಿ ಹಾಕ್ಬೇಡ" ಎಂದು ರುಯಿಚಿನ್ ಹೇಳಿಟ್ಟಿದ್ದಾರೆ. ಶೌಲಿನ್ ಅವರ ಮನೆ ಕಾಣುವ ಹೊತ್ತಿಗೆ ಸೊಪ್ಪಿನ ಬುಟ್ಟಿ ಹಿಡಿದ ನಾಲ್ಕಾರು ಹೆಂಗಸರು ಅಲ್ಲೇ ಯಾವುದೋ ಕೆಲಸವಿದ್ದವರಂತೆ ನಿಂತಿದ್ದಾರೆ.

ಚಿಯೋಮೇ ಹೊಸ್ತಿಲಲ್ಲಿ ಎದೆಯ ಮೇಲೆ ಕೈಕಟ್ಟಿ ನಿಂತಿದ್ದಾರೆ. ರುಯಿಚಿನ್ ಏನೂ ಅನ್ನದೆ ಸ್ಟೂಲು ಎಳೆದುಕೊಂಡು ಹತ್ತುತ್ತಾರೆ. ಕೆಂಪು ಬಟ್ಟೆಯನ್ನು ಬಾಗಿಲ ಮೇಲಿನ ಪಟ್ಟಿಗೆ ಕಟ್ಟುತ್ತಾರೆ. ಗಂಟು ಎರಡು ಸಲ ಜಾರುತ್ತದೆ. ಇಳಿದು ಪಟಾಕಿಯ ಬತ್ತಿಗೆ ಬೆಂಕಿ ಹಚ್ಚುತ್ತಾರೆ.

ಪಟಾಕಿ ಪಟಪಟನೆ ಶುರುವಾಗಿ, ಅರ್ಧಕ್ಕೆ ಬರುವಾಗ ಬುಸ್ಸೆಂದು ಹೊಗೆ ಬಿಟ್ಟು ನಿಂತುಬಿಡುತ್ತದೆ. ಮಂಜಿನ ತೇವ.

ಹೆಂಗಸರ ಗುಂಪಿನಿಂದ ಒಂದು ದನಿ. "ರುಯಿಚಿನ್, ಪಟಾಕಿಗೂ ನೀನೇ ಮಾತು ದಾಟಿಸ್ಬೇಕೇನೋ ನೋಡು. ಅದಕ್ಕೆ ನಮ್ಮ ಭಾಷೆ ಬರಲ್ಲ ಅನ್ಸುತ್ತೆ."

ಯಾರೋ ಕಿಸಕ್ಕೆಂದರು. ಚಿಯೋಮೇ ನಗಲಿಲ್ಲ. "ಅರ್ಧ ತಪ್ಪಿಗೆ ಮಾತ್ರಾನಾ ಇದು? ಉಳಿದರ್ಧ ನಮ್ಮನೇಲೇ ಇರುತ್ತಾ?"

"ಚಿಯೋಮೇ, ನಾನು ನೋಡ್ದೆ ತಂದೆ. ನೋಡ್ಬೇಕಿತ್ತು. ತಪ್ಪಾಯ್ತು."

"ನೋಡ್ಬೇಕಿತ್ತು ಅಂತ ಈಗ ಹೇಳ್ತೀಯಾ. ಆವತ್ತು ನಮ್ಮ ಅತ್ತಿಗೆಯರು, ಅವರ ಸೊಸೆಯರು, ಎಲ್ಲಾ ಇದ್ರು. ಒಬ್ಬೊಬ್ರ ಮುಖಾನೂ ನೋಡೋ ಹಾಗಿರ್ಲಿಲ್ಲ. ಆಮೇಲಿಂದ ಮಾವ ಒಂದು ಸಲ ಕೆಮ್ಮಿದ್ರೂ ನಂಗೆ ಜೀವ ಹಾರಿ ಹೋಗುತ್ತೆ. ಬೆಳಿಗ್ಗೆ ಅವರು ಬಾಗಿಲು ತೆಗೆಯೋ ಸದ್ದು ಕೇಳೋವರೆಗೂ ಒಲೆ ಹಚ್ಚೋಕೆ ಕೈ ಬರಲ್ಲ. ಅದು ಗೊತ್ತಾ ನಿಂಗೆ?"

ಕೊನೆಯ ಮಾತಿಗೆ ಚಿಯೋಮೇ ದನಿ ಒಡೆಯುತ್ತದೆ. ರುಯಿಚಿನ್ ತಲೆ ತಗ್ಗಿಸುತ್ತಾರೆ. ಇಷ್ಟು ದಿನ ಅದನ್ನು ಸಿಟ್ಟು ಎಂದೇ ತಿಳಿದಿದ್ದರಂತೆ. "ಬೇರೆಯವರ ಮನೇಲಾಗಿದ್ರೆ ಅದು ಭಯ ಅಂತ ನಂಗೆ ಆಗಲೇ ಗೊತ್ತಾಗ್ತಿತ್ತು. ನಂಗೇ ಬೈದಿದ್ರಿಂದ ಕಿವಿ ಮುಚ್ಚಿತ್ತು" ಎನ್ನುತ್ತಾರೆ ಆಮೇಲೆ.

ಆ ಹೊತ್ತಿಗೆ ಶೌಲಿನ್ ಒಳಗಿನಿಂದ ಬರುತ್ತಾರೆ. ನೀಲಿ ಹತ್ತಿಯ ಅಂಗಿ, ತುಟಿಯಲ್ಲಿ ಸಿಗರೇಟು. ಸೊಸೆಯ ಪಕ್ಕದಿಂದ ಹೊಸ್ತಿಲು ದಾಟಿ, ನೆಲದಲ್ಲಿ ಬಿದ್ದ ಪಟಾಕಿಯ ಉಳಿದರ್ಧವನ್ನು ಎತ್ತಿ ಅಂಗಿಯ ತುದಿಯಿಂದ ಒರೆಸುತ್ತಾರೆ. ಸಿಗರೇಟಿನ ಕೆಂಡವನ್ನು ಬತ್ತಿಗೆ ಮುಟ್ಟಿಸಿ, ಎಂಬತ್ತರ ಮನುಷ್ಯ ಎಗರಿ ಹಿಂದೆ ಸರಿಯುತ್ತಾರೆ. ಪಟಾಕಿ ಕೊನೆಯ ಕಾಳಿನವರೆಗೂ ಸಿಡಿಯುತ್ತದೆ. ಕೋಳಿಗಳು ದಿಕ್ಕಾಪಾಲು. ಹೆಂಗಸರು ಈಗ ನಗು ಮುಚ್ಚಿಕೊಳ್ಳುವುದಿಲ್ಲ.

"ಆಯ್ತಲ್ಲ" ಎನ್ನುತ್ತಾರೆ ಶೌಲಿನ್. "ಚಹಾ ತಂದಿದ್ದೀಯೋ, ಇಲ್ಲಾ ಬರೀ ಗದ್ದಲಾನೋ?"

"ಮಾವ!" ಎನ್ನುತ್ತಾರೆ ಚಿಯೋಮೇ. "ಅವಳು ತಂದಿದ್ದಕ್ಕೆ ನೀವೇ ಬೆಂಕಿ ಹಚ್ತೀರಾ?"

"ನನ್ನ ನೆರಳು ತಾನೇ? ನಾನೇ ಓಡಿಸ್ಕೋತೀನಿ."

ರುಯಿಚಿನ್ ಶೆನ್ ಯಾ ಕೈಯಿಂದ ಬೋಗುಣಿ ತೆಗೆದುಕೊಂಡು ಅಂಗಳದಲ್ಲಿ ಇಡುತ್ತಾರೆ. ಬಿಸಿನೀರು ಸುರಿದಾಗ ಹಸಿರು ನೊರೆ ಏರುತ್ತದೆ. ಎರಡು ಕೈಯಲ್ಲಿ ಮೊದಲ ಬಟ್ಟಲನ್ನು ನೀಡುತ್ತಾರೆ. ಶೌಲಿನ್ ಸೊರ್ರೆಂದು ಸದ್ದು ಮಾಡಿ ಕುಡಿದು, ಬಟ್ಟಲು ಖಾಲಿ ಮಾಡಿ ಕೆಳಗಿಡುತ್ತಾರೆ. ಚಿಯೋಮೇ ತಮ್ಮ ಬಟ್ಟಲು ಮುಟ್ಟಿಲ್ಲ.

"ಪಟ ತರ್ತೀನಿ" ಎಂದು ಶೌಲಿನ್ ಎದ್ದು ತಂಬಾಕು ಒಣಗಿಸುವ ಮನೆಯ ಕಡೆ ನಡೆಯುತ್ತಾರೆ.

ಚಿಯೋಮೇ ಬೆಚ್ಚಿ ಬೀಳುತ್ತಾರೆ. ಆ ಪಟವನ್ನು ಅಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟದ್ದು ತಮಗೊಬ್ಬರಿಗೇ ಗೊತ್ತು ಎಂದುಕೊಂಡಿದ್ದರು. ಬದುಕಿರುವವರ ಚಿತ್ರವನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ, ಮನೆಯೊಳಗೆ ಇಡುವಂತೆಯೂ ಇಲ್ಲ. "ದಿನಾ ಸಂಜೆ ಅಲ್ಲಿಗೆ ಹೋಗ್ತಿದ್ರು. ನಾನು ಬೈತೀನಿ ಅಂತ ಕದ್ದು ಸಿಗರೇಟ್ ಸೇದ್ತಾರೆ ಅಂದ್ಕೊಂಡಿದ್ದೆ" ಎನ್ನುತ್ತಾರೆ ಮೆಲ್ಲಗೆ, ಯಾರಿಗೆಂದಿಲ್ಲದೆ.

ಶೌಲಿನ್ ಪಟ ತಂದು ಮೊಣಕಾಲ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ಸೊಸೆ ಮುಖ ತಿರುಗಿಸುತ್ತಾರೆ.

"ಎಪ್ಪತ್ತಕ್ಕೆ ನಂಗೆ, ಹೋದ್ಮೇಲೆ ಉಡಿಸೋ ಕೊನೇ ಬಟ್ಟೆ ಹೊಲಿಸಿದಾಗ ಗುಂಡಿ ಹಾಕಿದ್ದು ಯಾರು ಚಿಯೋಮೇ?"

"ನಾನೇ. ಅದು ಬೇರೆ. ಅದನ್ನ ನೀವಾಗೇ ಕೇಳಿ ಹೊಲಿಸ್ಕೊಂಡಿದ್ದು."

"ಇದನ್ನೂ ನಾನೇ ಕೇಳಿದ್ದು. ಕೇಳು ಇವಳನ್ನ. ಕೊಡು ಅಂದೆ." ಒಳಗಿನ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. "ನಿಮ್ಮತ್ತೆ ಪಟ ನೋಡು. ಹೋದಾಗ ಒಂದೂ ಇರ್ಲಿಲ್ಲ ಅಂತ ಗುರುತಿನ ಚೀಟಿದನ್ನೇ ಹಿಗ್ಗಿಸಿದ್ರಿ. ಕಣ್ಣು ಬಿಟ್ಕೊಂಡು, ಪೊಲೀಸ್ ಠಾಣೆಲಿ ನಿಂತ ಹಾಗಿದ್ದಾಳೆ. ಅವಳು ಒಂದಿನಾನೂ ಹಂಗಿರ್ಲಿಲ್ಲ. ನಾನೂ ಹಂಗೇ ನಿಂತ್ರೆ, ನಾವಿಬ್ರೂ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣಲ್ವಾ?"

ಚಿಯೋಮೇಗೆ ನಗು ಬಂದುಬಿಟ್ಟಿತು. ಅದನ್ನು ತಡೆಯಲು ಬಟ್ಟಲು ಎತ್ತಿಕೊಂಡರು. ಕುಡಿದರು.

"ಇದ್ರಲ್ಲಿ ನಾನು ಆ ಕಡೆ ತಿರುಗಿದ್ದೀನಿ. ಅವಳ ಪಕ್ಕ ತೂಗಿದ್ರೆ ಅವಳ ಕಡೆ ನೋಡ್ದಂಗಾಗುತ್ತೆ" ಎನ್ನುತ್ತಾರೆ ಶೌಲಿನ್. "ಈಗಲ್ಲ. ಆಮೇಲೆ."

ಅಂಗಳದಾಚೆ ನಿಂತಿದ್ದ ಶೆನ್ ಯಾಳನ್ನು ಅವರೇ ಕೈಮಾಡಿ ಕರೆಯುತ್ತಾರೆ. ಅವಳು ಬಂದು ಗಿಡ್ಡ ಮಣೆಯ ಮೇಲೆ ಕೂರುತ್ತಾಳೆ. ಏನೂ ಕೇಳುವುದಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಬುಟ್ಟಿಗಳ ಜೊತೆ ಹೊರಟುಹೋಗುತ್ತಾರೆ. ಶೌಲಿನ್ ಪಟವನ್ನು ನೋಡುತ್ತ ಕೂತಿದ್ದಾರೆ. ರುಯಿಚಿನ್ ಸುಮ್ಮನಿದ್ದಾರೆ. ಗದ್ದೆಯ ಮೇಲಿನ ಮಂಜು ಕರಗಿ ದೂರದ ರಸ್ತೆ ಕಾಣುವಷ್ಟು ಹೊತ್ತು ಹಾಗೇ ಕಳೆಯುತ್ತದೆ.

"ಅವಳು ನಂಗೆ ಅಣ್ಣ ಅಂತಿದ್ಳು" ಎನ್ನುತ್ತಾರೆ ಶೌಲಿನ್. "ಮಾತು ಕಲಿತಾಗಿಂದ. ಆ ಸಂಜೆ ಅಮ್ಮ ಕೋಣೆಗೆ ಕಳಿಸಿದ್ಳು. ನಾನು ಮಂಚದ ಒಂದು ತುದೀಲಿ, ಅವಳು ಒಂದು ತುದೀಲಿ. ಏನು ಮಾತಾಡೋದು? ಹುಟ್ಟಿದಾಗಿಂದ ಒಂದೇ ತಟ್ಟೇಲಿ ಕಿತ್ತಾಡಿ ತಿಂದವರು. ಆಮೇಲೆ ಅವಳಂದ್ಳು, ಅಣ್ಣ, ಕಾಲು ಚಳಿ ಆಗ್ತಿದೆಯಾ ಅಂತ."

ಸಿಗರೇಟು ಆರಿಹೋಗಿದೆ. ಅವರು ಗಮನಿಸಿಲ್ಲ.

"ಸಾಯೋವರೆಗೂ ಅಣ್ಣ ಅಂತಲೇ ಕರೆದ್ಳು. ನಂಗೆ ಏನಂತ ಕರೀಬೇಕು ಗೊತ್ತಾಗ್ಲಿಲ್ಲ. ತಂಗಿ ಅನ್ನೋ ಹಾಗಿಲ್ಲ. ಬೇರೇದು ಬಾಯಿಗೆ ಬರ್ಲಿಲ್ಲ. ಏಯ್ ಅಂದೆ. ಜೀವಮಾನ ಪೂರ್ತಿ ಏಯ್ ಅಂದೆ. ಅವಳು ತಿರುಗಿ ನೋಡ್ತಿದ್ಳು."

ರುಯಿಚಿನ್ ಅವರ ಮುಖ ನೋಡುತ್ತಾರೆ. "ದೊಡ್ಡಪ್ಪ, ಹೇಳ್ಲಾ ಇವಳಿಗೆ?"

ಶೌಲಿನ್ ಯೋಚಿಸುತ್ತಾರೆ. "ಹೇಳು. ಚಿಯೋಮೇಗೆ ಮಾತ್ರ ಹೇಳ್ಬೇಡ."

"ನಾನು ಇಲ್ಲೇ ಕೂತಿದ್ದೀನಲ್ಲ ಮಾವ" ಎನ್ನುತ್ತಾರೆ ಚಿಯೋಮೇ, ಕಣ್ಣೊರೆಸಿಕೊಳ್ಳುತ್ತ.

"ಅದಕ್ಕೇ ಹೇಳ್ಬೇಡ ಅಂದೆ. ಕೇಳಿಸ್ಕೊಂಡಿದ್ದೀಯಲ್ಲ."

ರುಯಿಚಿನ್ ದಾಟಿಸುತ್ತಾರೆ, ನಿಧಾನವಾಗಿ, ಒಂದೊಂದೇ ವಾಕ್ಯ. ಕರೆಯಲು ಹೆಸರು ಸಿಗದ ಮಾತು ಬಂದಾಗ ಅವರೂ ನಿಲ್ಲುತ್ತಾ‍ರೆ. ಶೆನ್ ಯಾ ಏನಂತೆ ಎಂದು ಕೇಳದೆ ಕಾಯುತ್ತಾಳೆ.

ಹೊರಡುವ ಹೊತ್ತಿಗೆ ಚಿಯೋಮೇ ಒಳಗಿನಿಂದ ಇನ್ನೊಂದು ತುಂಡು ಕೆಂಪು ಬಟ್ಟೆ ತಂದು, ಪಟವನ್ನು ತಾವೇ ಸುತ್ತುತ್ತಾರೆ. ಮಾವನ ಕೊನೆಯ ಬಟ್ಟೆಗಳಿರುವ ಪೆಟ್ಟಿಗೆಯಲ್ಲಿ ಅದನ್ನು ಇಡುವುದೆಂದು ತೀರ್ಮಾನವಾಗಿದೆ. ಕೆಂಪಿನೊಳಗಿದ್ದರೆ ದೋಷವಿಲ್ಲ ಎಂದು ಚಿಯೋಮೇ ಹೇಳುತ್ತಾರೆ. ಯಾರೂ ಎದುರಾಡುವುದಿಲ್ಲ. ಗಂಟು ಬಿಗಿಯುತ್ತ, ತಲೆ ಎತ್ತದೆ ಕೇಳುತ್ತಾರೆ: "ಅಕ್ಕ, ಈ ಸಲ ಎಳ್ಳು ಎಲ್ಲಿಂದ ತಂದೆ? ಸ್ವಲ್ಪ ಸೀದಿತ್ತು."

"ಭಯದಲ್ಲಿ ಹುರಿದೆ ಕಣೇ."

"ಗೊತ್ತಾಯ್ತು."

ಮನೆಯವರು ಚಹಾ ಕುಡಿದ ಸುದ್ದಿ ದಾರಿಯ ಉದ್ದಕ್ಕೂ ಇವರಿಗಿಂತ ಮೊದಲೇ ಹೋಗಿ ತಲುಪಿದೆ. ಶೆನ್ ಯಾ ಏನೇನೋ ಯೋಚನೆಯಲ್ಲಿ ಹಿಂದೆ ಉಳಿಯುತ್ತಾಳೆ. ಈ ಕೆಲಸ ಇನ್ನೆಷ್ಟು ಕಾಲ ಮಾಡುತ್ತೀರಿ ಎಂಬ ಅವಳ ಪ್ರಶ್ನೆಗೆ ರುಯಿಚಿನ್ ನಡೆಯುತ್ತಲೇ ಉತ್ತರ ಕೊಡುತ್ತಾರೆ. "ಹಿರಿಯರು ಇರೋವರೆಗೆ. ಆಮೇಲೆ ಎಲ್ಲರೂ ಟೀವಿ ಭಾಷೇಲೇ ಮಾತಾಡ್ತಾರೆ, ನಡುವೆ ಕೂರೋರು ಬೇಕಾಗಲ್ಲ." ಸ್ವಲ್ಪ ದೂರ ಹೋದ ಮೇಲೆ ಸೇರಿಸುತ್ತಾರೆ. "ಆಗ್ಲೂ ಸುಮ್ಮನಾಗ್ತಾರಲ್ಲ ಜನ. ಅದನ್ನ ಯಾರು ಕೇಳಿಸ್ಕೋತಾರೋ ನೋಡ್ಬೇಕು."

ಸೇತುವೆಯ ಬಳಿಯ ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದು ನಿಲ್ಲುತ್ತಾರೆ. ಈ ಮನೆಯ ಸೊಸೆ ಹೆತ್ತು ಇನ್ನೂ ತಿಂಗಳು ತುಂಬಿಲ್ಲ. ಬಾಗಿಲಿಗೆ ಹಸಿರು ಎಲೆಗಳ ಗೊಂಚಲು ಕಟ್ಟಿದೆ. ತಿಂಗಳು ತುಂಬುವವರೆಗೆ ಹೊರಗಿನವರು ಆ ಹೊಸ್ತಿಲು ದಾಟುವುದಿಲ್ಲ. ರುಯಿಚಿನ್ ಅಭ್ಯಾಸದಂತೆ ದಾರಿಯ ಆಚೆ ಅಂಚಿಗೆ ಸರಿದು ನಡೆಯುತ್ತಾರೆ.

"ಎಲ್ಲಿಗೆ ಓಡ್ತಿದ್ದೀಯಾ?" ಎನ್ನುತ್ತಾರೆ ಅಜ್ಜಿ. "ಕೈ ತೊಳ್ಕೊಂಡು ಬಾ ಒಳಗೆ."

ರುಯಿಚಿನ್ ನಿಲ್ಲುತ್ತಾರೆ. ಅಂಗಳದ ನಲ್ಲಿಯ ಬಳಿ ಹೋಗಿ, ಮೊಳಕೈವರೆಗೆ ಅಂಗಿಯ ತೋಳು ಮಡಿಸಿ, ಬಹಳ ಹೊತ್ತು ಕೈ ತೊಳೆಯುತ್ತಾರೆ. ಶೆನ್ ಯಾ ಅಭ್ಯಾಸಬಲದಿಂದ ಹಿಂದೆ ಬರಲು ಹೆಜ್ಜೆ ಇಟ್ಟಾಗ, ತಿರುಗಿ ನೋಡಿ ಬೇಡವೆಂದು ತಲೆಯಾಡಿಸುತ್ತಾರೆ.

"ನೀನಿಲ್ಲೇ ಇರು. ಇದು ಕೆಲಸ ಅಲ್ಲ."

ಅವರು ಒಳಗೆ ಹೋಗುತ್ತಾರೆ. ಶೆನ್ ಯಾ ಸೇತುವೆಯ ಕಲ್ಲಿನ ಮೇಲೆ ಖಾಲಿ ಬೋಗುಣಿ ಇಟ್ಟುಕೊಂಡು ಕಾಯುತ್ತಾಳೆ. ಒಳಗಿನಿಂದ ಮಾತಿನ ಸದ್ದೇ ಬರುವುದಿಲ್ಲ. ಹೊರಗೆ ಬಂದ ರುಯಿಚಿನ್ ಅವರ ಅಂಗಿಯ ಎದೆಯ ಮೇಲೆ ಹಾಲಿನ ಒಂದು ಕಲೆ ಇದೆ. ಅವರು ಅದನ್ನು ಒರೆಸಿಕೊಂಡಿಲ್ಲ.

"ಏನಂದ್ರು ಚಿಕ್ಕಮ್ಮ?"

"ಏನೂ ಅನ್ಲಿಲ್ಲ" ಎನ್ನುತ್ತಾರೆ ರುಯಿಚಿನ್. "ಕೂಸನ್ನ ನನ್ನ ಕೈಗೆ ಕೊಟ್ರು."